ಮಿಲ್ಟ್ರಿಯಲ್ಲಿ ಲೇತ್ ಕೆಲಸ: ಹಾಸನದ ಐಟಿಐ ಹುಡುಗರಿಗೆ

ಸಕಲೇಶಪುರ ಕಡೆಯ ಒಬ್ಬ ಅಪ್ಪ, ಮಗ ಹೋದ ವಾರ ನಮ್ಮ ಲೇತ್ ಅಂಗಡಿಗೆ ಬಂದಿದ್ದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಬುಷ್, ಅಂದರೆ ಶಾಫ್ಟ್ ಒಳಗೆ ತಿರುಗುವ ಲೋಹದ ಬಳೆ, ಸವೆದು ಮೊಟ್ಟೆ ಥರ ಆಗಿತ್ತು, ಹೊಸದು ಬೇಕಿತ್ತು. ನಾನು ಜಾಬ್ (ಕಡೆಯಬೇಕಾದ ತುಂಡು) ಲೇತಿಗೆ ಕಟ್ಟುತ್ತಿರುವಾಗ ಅಪ್ಪ ಗೋಡೆ ಮೇಲಿದ್ದ ಹಳೇ ಫೋಟೊ ನೋಡಿ, "ಅಣ್ಣ, ಮಿಲ್ಟ್ರಿಲಿ ಇದ್ರಾ? ಬಾರ್ಡರ್‌ನಲ್ಲಿ?" ಎಂದರು. ಬಾರ್ಡರ್‌ನಲ್ಲೂ ಇದ್ದೆ, ಅಲ್ಲೂ ಇದೇ ಕೆಲಸ ಮಾಡಿದೆ ಎಂದೆ. ತಮಾಷೆ ಅಂದುಕೊಂಡು ನಕ್ಕರು. ಮಗ ನಗಲಿಲ್ಲ. ಅವನು ಐಟಿಐ ಮೆಷಿನಿಸ್ಟ್ ಎರಡನೇ ವರ್ಷ. ಬುಷ್ ಮುಗಿಯುವ ಹೊತ್ತಿಗೆ ಹತ್ತು ಪ್ರಶ್ನೆ ಕೇಳಿದ್ದ. ಅವನಿಗೆ ಹೇಳಿದ್ದನ್ನೂ, ಅವನ ಬಸ್ಸಿಗೆ ಹೊತ್ತಾಯಿತೆಂದು ಹೇಳದೆ ಬಿಟ್ಟಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳಿ. ಬಂದೂಕು, ಫಿರಂಗಿ, ಟ್ಯಾಂಕ್, ಲಾರಿ, ಜನರೇಟರ್, ಅಡುಗೆಮನೆಯ ನೀರಿನ ಪಂಪು, ಸೈನ್ಯದಲ್ಲಿ ಇರುವುದೆಲ್ಲ ಒಂದಲ್ಲ ಒಂದು ದಿನ ಕೆಡುತ್ತದೆ. ಅದನ್ನು ರಿಪೇರಿ ಮಾಡುವ ದಳಕ್ಕೆ ಇ.ಎಂ.ಇ. ಎನ್ನುತ್ತಾರೆ, ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್. 1943ರ ಅಕ್ಟೋಬರ್ 15ರಂದು ಶುರುವಾದ ದಳ. ಇನ್‌ಫೆಂಟ್ರಿಯಲ್ಲಿ ಸಿಪಾಯಿ ಎನ್ನುವ ಕಡೆ ನಮ್ಮಲ್ಲಿ ಕ್ರಾಫ್ಟ್ಸ್‌ಮನ್ ಎನ್ನುತ್ತಾರೆ. ಆ ಹೆಸರು ನನಗೆ ಮೊದಲ ದಿನದಿಂದಲೇ ಇಷ್ಟವಾಗಿತ್ತು.

ಬೆಂಗಳೂರಿನ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮುಂದೆ ನಿಂತರೆ ಒಂದೇ ಪೀಸನ್ನು ದಿನಕ್ಕೆ ನಾನೂರು ತೆಗೆಯುತ್ತೀರಿ. ಡ್ರಾಯಿಂಗ್ ಇರುತ್ತದೆ, ಪ್ರೋಗ್ರಾಂ ಬೇರೆಯವರು ಹಾಕಿರುತ್ತಾರೆ. ಸೈನ್ಯದ ಫೀಲ್ಡ್ ವರ್ಕ್‌ಶಾಪಿನಲ್ಲಿ ಒಂದೇ ಪೀಸ್ ಬೇಕು. ಡ್ರಾಯಿಂಗ್ ಇರುವುದಿಲ್ಲ. ಎರಡು ತುಂಡಾದ ಹಳೇ ಪಿನ್ನನ್ನು ಮೇಜಿನ ಮೇಲಿಟ್ಟು, "ಗಾಡಿ ಸಂಜೆ ಹೋಗಬೇಕು" ಎಂದು ಹೇಳಿ ಹೋಗುತ್ತಾರೆ. ಆ ತುಂಡಿನಿಂದ ಅಳತೆ ಓದಬೇಕು, ಯಾವ ಲೋಹ ಎಂದು ಅಂದಾಜು ಮಾಡಬೇಕು, ಇರುವ ರಾಡಿನಲ್ಲಿ ಹೊಂದಿಸಬೇಕು. ಇದಕ್ಕೆ ತಲೆ ಓಡುವವರಿಗೆ ಸೈನ್ಯ ಒಳ್ಳೇ ಜಾಗ. ಬಟನ್ ಒತ್ತುವುದೇ ಇಷ್ಟ ಅನ್ನುವವರಿಗೆ ಪೀಣ್ಯವೇ ವಾಸಿ. ಇದರಲ್ಲಿ ಅವಮಾನ ಏನೂ ಇಲ್ಲ, ಸಂಬಳವೂ ಕಡಿಮೆ ಏನಲ್ಲ.

ಹೋಗುವ ದಾರಿಗಳು

ಎಲ್ಲಕ್ಕೂ ಬುಡ ಐಟಿಐ. ಮೆಷಿನಿಸ್ಟ್, ಟರ್ನರ್, ಫಿಟ್ಟರ್ ಮೂರೂ ಎರಡು ವರ್ಷದ ಟ್ರೇಡ್, ಎಸ್ಸೆಸ್ಸೆಲ್ಸಿ ಆದಮೇಲೆ ಸೇರಬಹುದು. ಟರ್ನರ್ ಅಂದರೆ ಹೆಚ್ಚಾಗಿ ಲೇತ್. ಮೆಷಿನಿಸ್ಟ್ ಅಂದರೆ ಲೇತಿನ ಜೊತೆಗೆ ಮಿಲ್ಲಿಂಗ್, ಶೇಪಿಂಗ್, ಸ್ಲಾಟಿಂಗ್, ಗ್ರೈಂಡಿಂಗ್ ಎಲ್ಲ ಬರುತ್ತದೆ. ನನ್ನನ್ನು ಕೇಳಿದರೆ ಮೆಷಿನಿಸ್ಟ್ ತಗೊಳ್ಳಿ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದರು, ಹೊಸ ಮೆಷಿನ್ನುಗಳು ಬಂದಿವೆ. ಒಳ್ಳೇದೇ. ಆದರೆ ಮೂಲೆಯಲ್ಲಿ ಧೂಳು ಹಿಡಿದು ನಿಂತ ಹಳೇ ಲೇತನ್ನು ಬಿಡಬೇಡಿ, ಏಕೆಂದರೆ ಸೈನ್ಯದ ಲಾರಿಯೊಳಗೆ ನಿಮಗೆ ಸಿಗುವುದು ಅದರ ಅಣ್ಣನೋ ತಮ್ಮನೋ.

ಐಟಿಐ ಆದಮೇಲೆ ದಾರಿ ಎರಡು. ಒಂದು ಸಮವಸ್ತ್ರ, ಇನ್ನೊಂದು ಸಿವಿಲಿಯನ್. ಹುಡುಗರಿಗೆ ಎರಡನೆಯದು ಗೊತ್ತೇ ಇರುವುದಿಲ್ಲ.

ಸಮವಸ್ತ್ರದ ದಾರಿ ಈಗ ಅಗ್ನಿವೀರ್. ನಾನು ಸೇರುವಾಗ ಅದು ಇರಲಿಲ್ಲ, 2022ರ ಜೂನ್‌ನಲ್ಲಿ ಬಂದದ್ದು. ನಾಲ್ಕು ವರ್ಷದ ಸೇವೆ. ಮೊದಲ ವರ್ಷ ತಿಂಗಳಿಗೆ 30,000, ಆಮೇಲೆ 33,000, 36,500, ಕೊನೇ ವರ್ಷ 40,000. ಇದರಲ್ಲಿ ನೂರಕ್ಕೆ 30 ಭಾಗ ಸೇವಾ ನಿಧಿಗೆ ಹೋಗುತ್ತದೆ, ಅಷ್ಟೇ ದುಡ್ಡು ಸರ್ಕಾರವೂ ಹಾಕುತ್ತದೆ. ಅಂದರೆ ಮೊದಲ ವರ್ಷ ಕೈಗೆ ಬರುವುದು 21,000. ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಒಟ್ಟಿಗೆ ಸಿಗುತ್ತದೆ. ಆಮೇಲೆ ನೂರರಲ್ಲಿ 25 ಜನರವರೆಗೆ ಕಾಯಂ ಮಾಡಿಕೊಳ್ಳುತ್ತಾರೆ. ಉಳಿದವರು ಮನೆಗೆ. ಈ ಲೆಕ್ಕವನ್ನು ಅಪ್ಪ ಅಮ್ಮನ ಮುಂದೆ ಕೂತು ಮಾಡಿ. ಊರಲ್ಲಿ "ಮಿಲ್ಟ್ರಿ ಸೇರಿದ, ಪೆನ್ಷನ್ ಬರುತ್ತೆ" ಅಂದುಕೊಂಡು ಸಾಲ ಮಾಡಿ ಮನೆ ಕಟ್ಟಿಸಲು ಶುರು ಮಾಡುವವರೂ ಇದ್ದಾರೆ.

ನೀವು ಹಾಕಬೇಕಾದದ್ದು ಅಗ್ನಿವೀರ್ ಟೆಕ್ನಿಕಲ್. ವಯಸ್ಸು, ಮಾರ್ಕ್ಸು, ಯಾವ ಐಟಿಐ ಟ್ರೇಡು ನಡೆಯುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ, ಆ ವರ್ಷದ ಅಧಿಸೂಚನೆಯನ್ನೇ ಓದಿ. ಐಟಿಐ ಸರ್ಟಿಫಿಕೇಟಿಗೂ ಎನ್‌ಸಿಸಿಗೂ ಹೆಚ್ಚುವರಿ ಅಂಕ ಇದೆ. ಹಾಸನದವರು ಬೆಂಗಳೂರು ನೇಮಕಾತಿ ಕಚೇರಿಗೆ ಸೇರುತ್ತಾರೆ, ಚಿಕ್ಕಮಗಳೂರಿನವರು ಮಂಗಳೂರಿನ ಕಚೇರಿಗೆ. ಬೇಲೂರಿನ ಹುಡುಗನೂ ಮೂಡಿಗೆರೆಯ ಹುಡುಗನೂ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋದರೂ ರ್‍ಯಾಲಿ ಬೇರೆ ಬೇರೆ ಊರಲ್ಲಿ ಆಗಬಹುದು, ಗೆಳೆಯ ಹೇಳಿದ ತಾರೀಖು ನಂಬಿ ಕೂರಬೇಡಿ.

ಇನ್ನೊಂದು ಮಾತು, ಇದನ್ನು ಯಾವ ಕೋಚಿಂಗ್‌ನವರೂ ಹೇಳುವುದಿಲ್ಲ. ಟೆಕ್ನಿಕಲ್‌ಗೆ ಆಯ್ಕೆಯಾದರೆ ಮೆಷಿನಿಸ್ಟೇ ಆಗುತ್ತೀರಿ ಎಂದೇನಿಲ್ಲ. ಯಾವ ದಳ, ಯಾವ ಟ್ರೇಡ್ ಎಂಬುದನ್ನು ಸೈನ್ಯವೇ ಅದರ ಅಗತ್ಯ ನೋಡಿ ಹಂಚುತ್ತದೆ. ರೇಡಿಯೊ ಕಡೆ ಹಾಕಬಹುದು, ಗಾಡಿ ಮೆಕ್ಯಾನಿಕ್ ಮಾಡಬಹುದು. ಕೇಳಿದಾಗ ಐಟಿಐ ಮೆಷಿನಿಸ್ಟ್ ಎಂದು ಗಟ್ಟಿಯಾಗಿ ಹೇಳಿ, ಸರ್ಟಿಫಿಕೇಟ್ ತೋರಿಸಿ. ಅಷ್ಟು ನಿಮ್ಮ ಕೈಯಲ್ಲಿದೆ.

ಮೆಷಿನಿಸ್ಟ್ ಕೆಲಸವೇ ಬೇಕು, ಬೇರೆ ಆಗಲ್ಲ ಅನ್ನುವವರಿಗೆ ಸಿವಿಲಿಯನ್ ದಾರಿ ಸರಿ. ದೇಶದಲ್ಲಿ ಆರ್ಮಿ ಬೇಸ್ ವರ್ಕ್‌ಶಾಪ್‌ಗಳಿವೆ: ದೆಹಲಿ, ಆಗ್ರಾ, ಮೀರತ್, ಜಬಲ್ಪುರ, ಪುಣೆಯ ಖಡಕಿ. ನಮ್ಮ ಬೆಂಗಳೂರಿನ ಹಲಸೂರಿನಲ್ಲೇ 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. ಇಲ್ಲಿಗೆ ಗ್ರೂಪ್ ಸಿ ಹುದ್ದೆಗಳನ್ನು ಆಗಾಗ ಕರೆಯುತ್ತಾರೆ, ಅದರಲ್ಲಿ ಮೆಷಿನಿಸ್ಟ್ (ಸ್ಕಿಲ್ಡ್) ಎಂದೇ ಹುದ್ದೆ ಇರುತ್ತದೆ. ಪೇ ಲೆವೆಲ್ 2, ಮೂಲ ವೇತನ 19,900ರಿಂದ ಶುರು, ಮೇಲೆ ಡಿ.ಎ., ಮನೆ ಬಾಡಿಗೆ ಭತ್ಯೆ. 60 ವರ್ಷದ ತನಕ ಕೆಲಸ. ಓಟ ಇಲ್ಲ, ರಾತ್ರಿ ಗಾರ್ಡ್ ಇಲ್ಲ. ಎಂಪ್ಲಾಯ್‌ಮೆಂಟ್ ನ್ಯೂಸ್ ಪತ್ರಿಕೆಯಲ್ಲಿ ಬರುತ್ತದೆ, ಅರ್ಜಿಯನ್ನು ಅಂಚೆಯಲ್ಲಿ ಕಳಿಸಲು ಹೇಳುವುದೂ ಉಂಟು. ಈಗಿನ ಹುಡುಗರು ಲಕೋಟೆ ಮೇಲೆ ವಿಳಾಸ ಎಲ್ಲಿ ಬರೆಯಬೇಕು ಎಂದು ಕೇಳುತ್ತಾರೆ. ನಗಬೇಡಿ, ನಮ್ಮ ಅಂಗಡಿಯಲ್ಲೇ ಇಬ್ಬರಿಗೆ ಬರೆದುಕೊಟ್ಟಿದ್ದೇನೆ.

ಎರಡಕ್ಕೂ ಮೊದಲು ಸಾಧ್ಯವಾದರೆ ಒಂದು ವರ್ಷ ಅಪ್ರೆಂಟಿಸ್ ಮಾಡಿ. ಕಾರವಾರದ ನೌಕಾಪಡೆಯ ಹಡಗು ರಿಪೇರಿ ಯಾರ್ಡ್‌ನಲ್ಲಿ ಐಟಿಐ ಹುಡುಗರನ್ನು ತಗೊಳ್ಳುತ್ತಾರೆ, ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಗೊಳ್ಳುತ್ತಾರೆ. ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ ಈಗ ಗುಬ್ಬಿ ತಾಲ್ಲೂಕಿನಲ್ಲೇ ಇದೆ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಯಿತು. ಅರಸೀಕೆರೆಯಲ್ಲಿ ರೈಲು ಹತ್ತಿದರೆ ತಿಪಟೂರು ದಾಟಿ ಗುಬ್ಬಿ. ಅದರ ಮೇಲೂ ಒಂದು ಕಣ್ಣಿಡಿ.

ರ್‍ಯಾಲಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ

ಮೊದಲು ಕಂಪ್ಯೂಟರ್ ಪರೀಕ್ಷೆ, ಪಾಸಾದವರಿಗೆ ರ್‍ಯಾಲಿ. 1.6 ಕಿಲೋಮೀಟರ್ ಓಟ, 5 ನಿಮಿಷ 30 ಸೆಕೆಂಡ್ ಒಳಗೆ ಬಂದರೆ ಪೂರ್ತಿ ಅಂಕ. 10 ಪುಲ್ ಅಪ್ಸ್. 9 ಅಡಿ ಹಳ್ಳ ಹಾರಬೇಕು. ಹಾಸನ ಸಮುದ್ರಮಟ್ಟದಿಂದ ಒಂಬತ್ತು ನೂರು ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ತಣ್ಣಗಿನ ಗಾಳಿ, ಬೆಳಗ್ಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಓಡಿ ಅಭ್ಯಾಸ ಮಾಡುವುದು ಸುಖ. ಆದರೆ ರ್‍ಯಾಲಿ ಸೆಕೆ ಇರುವ ಊರಲ್ಲಿ ಆದರೆ ನಮ್ಮವರು ಒದ್ದಾಡುತ್ತಾರೆ. ಕೊನೇ ತಿಂಗಳು ವಾರಕ್ಕೆ ಎರಡು ದಿನ ಬಿಸಿಲಲ್ಲೂ ಓಡಿ.

ಮೆಡಿಕಲ್‌ಗೆ ಮುಂಚೆ ಕಿವಿಯ ಗುಗ್ಗೆಯನ್ನು ಡಾಕ್ಟರ ಹತ್ತಿರ ತೆಗೆಸಿಕೊಳ್ಳಿ, ಹಲ್ಲು ತೋರಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹೆಸರೂ ಆಧಾರಿನಲ್ಲಿ ಇರುವ ಹೆಸರೂ ಒಂದಕ್ಷರ ಬಿಡದೆ ಒಂದೇ ಆಗಿರಲಿ. "ಗೌಡ" ಒಂದರಲ್ಲಿ ಇದೆ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದೆ ಅಂದರೆ ಈಗಲೇ ಸರಿ ಮಾಡಿಸಿ. ಅಗ್ನಿವೀರರು ಅವಿವಾಹಿತರಾಗಿರಬೇಕು, ಅದಕ್ಕೊಂದು ಪ್ರಮಾಣಪತ್ರ ಬೇಕು. ದುಡ್ಡು ಕೊಟ್ಟರೆ ಮಾಡಿಸುತ್ತೇನೆ ಅನ್ನುವ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ನನ್ನ ಸೋದರತ್ತೆ ಮಗ ಹಾಗೆ ಒಬ್ಬನಿಗೆ ಕೊಟ್ಟ, ದುಡ್ಡೂ ಹೋಯಿತು, ಅವನಿಗಾಗಿ ಕಾಯುತ್ತ ಎರಡು ರ್‍ಯಾಲಿಯೂ ಹೋಯಿತು.

ಹೊರಡುವ ಮುಂಚೆ ಕೈಗೆ ಕೂರಿಸಿಕೊಳ್ಳಬೇಕಾದದ್ದು

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಅಳತೆಯಿಂದ ಶುರು ಮಾಡಿ. ವರ್ನಿಯರ್ 0.02 ಮಿ.ಮೀ. ತನಕ ಓದುತ್ತದೆ, ಮೈಕ್ರೊಮೀಟರ್ 0.01 ತನಕ. ಡಿಜಿಟಲ್ ಇದೆಯಲ್ಲ ಎನ್ನಬೇಡಿ. ಚಳಿಯಲ್ಲಿ ಮೊದಲು ಸಾಯುವುದು ಬ್ಯಾಟರಿ. ಐಟಿಐನಲ್ಲಿ ಹೊಸ ರಾಡನ್ನು ಅಳೆಯುವುದು ಕಲಿಸುತ್ತಾರೆ, ನೀವು ಸವೆದದ್ದನ್ನು ಅಳೆಯಲು ಕಲಿಯಿರಿ. ಗುಜರಿ ಅಂಗಡಿಯಿಂದ ಒಂದು ಹಳೇ ಶಾಫ್ಟ್ ತನ್ನಿ. ಬುಷ್ ಕೂತಿದ್ದ ಜಾಗದಲ್ಲಿ ಅಳೆದರೆ 24.8 ಬರಬಹುದು. ಅದೇ ಶಾಫ್ಟಿನ ತುದಿಯಲ್ಲಿ, ಯಾವತ್ತೂ ಏನೂ ಉಜ್ಜದ ಜಾಗದಲ್ಲಿ ಅಳೆಯಿರಿ, 24.97 ಬರುತ್ತದೆ. ಆಗ ಗೊತ್ತಾಗುತ್ತದೆ ಇದು 25ರ ಶಾಫ್ಟ್, 0.03 ಗ್ಯಾಪ್ ಬಿಟ್ಟು ಮಾಡಿದ್ದು ಎಂದು. ಒಂದೇ ಜಾಗವನ್ನು ಅಡ್ಡ ಒಂದು ಸಲ, ಉದ್ದ ಒಂದು ಸಲ ಅಳೆಯಿರಿ. ಎರಡೂ ಬೇರೆ ಬಂದರೆ ಶಾಫ್ಟೂ ಮೊಟ್ಟೆ ಆಗಿದೆ, ಬರೀ ಬುಷ್ ಬದಲಿಸಿ ಪ್ರಯೋಜನ ಇಲ್ಲ.

ಬುಷ್ ಅಂದೆನಲ್ಲ, ಅದೇ ನಿಮ್ಮ ಮೊದಲ ಪಾಠ ಆಗಲಿ. 25 ಮಿ.ಮೀ. ಶಾಫ್ಟ್ ಸಲೀಸಾಗಿ ತಿರುಗಬೇಕಾದರೆ ಬುಷ್‌ಗೂ ಶಾಫ್ಟಿಗೂ ನಡುವೆ 0.02ರಿಂದ 0.06 ತನಕ ಗ್ಯಾಪ್ ಇರಬೇಕು. ಹೊರಗಿನ ವ್ಯಾಸ ಮಾತ್ರ ಕೂರುವ ತೂತಿಗಿಂತ ದಪ್ಪ ಇರಬೇಕು, 32ರ ತೂತಿಗೆ 32.03 ಹತ್ತಿರ, ಒತ್ತಿ ಕೂರಿಸಿದಾಗ ಬಿಗಿಯಾಗಿ ನಿಲ್ಲಲಿ ಎಂದು. ಹೊಸಬರು ಎಡವುವುದು ಇಲ್ಲಿ: ಒಳತೂತನ್ನು ಮೊದಲೇ ಪಕ್ಕಾ ಅಳತೆಗೆ ತಂದುಬಿಡುತ್ತಾರೆ. ಒತ್ತಿದ ಮೇಲೆ ಬುಷ್ ಒಳಕ್ಕೆ ಕುಗ್ಗುತ್ತದೆ, ಶಾಫ್ಟ್ ಹೋಗುವುದಿಲ್ಲ, ಆಮೇಲೆ ಸುತ್ತಿಗೆ ಹುಡುಕುತ್ತಾರೆ. ಒಳಗೆ ಸ್ವಲ್ಪ ಬಿಟ್ಟು, ಕೂರಿಸಿದ ಮೇಲೆ ರೀಮರ್ (ತೂತನ್ನು ಪಕ್ಕಾ ಅಳತೆಗೆ ತರುವ ಟೂಲ್) ಹಾಕಿ.

ಜಾಬನ್ನು ಹಿಡಿದು ತಿರುಗಿಸುವುದು ಚಕ್, ಅದರ ಹಿಡಿಕೆಗಳೇ ಜಾ. ನಾಲ್ಕು ಜಾ ಚಕ್‌ನಲ್ಲಿ ಜಾಬ್ ಕಟ್ಟುವುದು ಬರಲೇಬೇಕು. ಮೂರು ಜಾ ತಾನಾಗೇ ನಡುವಿಗೆ ತರುತ್ತದೆ, ಆದರೆ ಮುರಿದ, ಬಾಗಿದ, ಚೌಕದ ತುಂಡುಗಳು ಅದರಲ್ಲಿ ಕೂರುವುದಿಲ್ಲ. ಡಯಲ್ ಗೇಜ್ ಹಚ್ಚಿ ಚಕ್ಕನ್ನು ಕೈಯಲ್ಲಿ ತಿರುಗಿಸಿ. ಎದುರುಬದುರು ಇರುವ ಎರಡು ಜಾ ನೋಡಿ. ಮುಳ್ಳು 0.40 ವ್ಯತ್ಯಾಸ ತೋರಿಸಿದರೆ ಜಾಬನ್ನು 0.20 ಸರಿಸಬೇಕು, ಅಂದರೆ ಅರ್ಧ. ಒಂದು ಜಾ ಸಡಿಲ, ಎದುರಿನದು ಬಿಗಿ. ಇದಿಷ್ಟೇ ಗುಟ್ಟು. ನಾನು ಮೊದಲ ಸಲ ಒಂದು ಗಂಟೆ ತಗೊಂಡೆ, ನಮ್ಮ ಉಸ್ತಾದ್ ಟೀ ಕುಡಿದು ಬಂದು ನಾಲ್ಕು ನಿಮಿಷದಲ್ಲಿ ಮುಗಿಸಿದರು. ಉಸ್ತಾದ್ ಅಂದರೆ ಕಲಿಸುವವರು, ಸೈನ್ಯದಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ.

ಸ್ಪೀಡ್ ಲೆಕ್ಕ ಬಾಯಲ್ಲಿ ಇರಲಿ. ಮೈಲ್ಡ್ ಸ್ಟೀಲಿಗೆ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿನಲ್ಲಿ ನಿಮಿಷಕ್ಕೆ 25ರಿಂದ 30 ಮೀಟರ್. 28 ಅಂದುಕೊಳ್ಳಿ. 28ನ್ನು 1000ದಿಂದ ಗುಣಿಸಿ, ಬಂದದ್ದನ್ನು 3.14 ಗುಣಿಸು ವ್ಯಾಸದಿಂದ ಭಾಗಿಸಿ. 30 ಮಿ.ಮೀ. ರಾಡಿಗೆ ಸುಮಾರು 300 ಆರ್‌ಪಿಎಂ. ಹಿತ್ತಾಳೆಗೆ ಇನ್ನೂ ಜೋರಾಗಿ ಓಡಿಸಬಹುದು, ಟೂಲಿನ ಮೇಲ್ಮೈ ಚಪ್ಪಟೆ ಇರಲಿ. ಬೀಡು ಕಬ್ಬಿಣಕ್ಕೆ (ಕಾಸ್ಟ್ ಐರನ್) ನೀರು, ಎಣ್ಣೆ ಬೇಡ, ಒಣಗೇ ಕೊರೆಯಿರಿ. ಫೇಸಿಂಗ್ ಮಾಡಿದಾಗ, ಅಂದರೆ ರಾಡಿನ ತುದಿಯನ್ನು ಸಮ ಕಡೆದಾಗ, ನಡುವೆ ಸಾಸಿವೆಯಷ್ಟು ಗುಬುಟು ಉಳಿದರೆ ಟೂಲ್ ಸೆಂಟರ್ ಎತ್ತರದಲ್ಲಿ ಇಲ್ಲ ಎಂದರ್ಥ, ಕೆಳಗೆ ತೆಳು ತಗಡು ಕೊಟ್ಟು ಎತ್ತಿ ಅಥವಾ ಇಳಿಸಿ.

ಥ್ರೆಡ್ ಗುರುತಿಸುವುದು ಅರ್ಧ ಕೆಲಸ. ಸೈನ್ಯದಲ್ಲಿ ರಷ್ಯಾದ ಡಿಸೈನಿನ ಟ್ಯಾಂಕೂ ಇದೆ, ಸ್ವೀಡನ್ನಿನ ಫಿರಂಗಿಯೂ ಇದೆ, ಅಜ್ಜನ ಕಾಲದ ಇಂಗ್ಲಿಷ್ ಮೆಷಿನ್ನೂ ಇದೆ. ಮೆಟ್ರಿಕ್ ಎಂ 10 ಬೋಲ್ಟಿನ ಪಿಚ್, ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ದೂರ, 1.5 ಮಿ.ಮೀ. ಮುಕ್ಕಾಲು ಪಾಲು ಅದೇ ಥರ ಕಾಣುವ, ಹಳೇ ಇಂಗ್ಲಿಷ್ ಅಳತೆಯ 3/8 ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 16 ಸುತ್ತು, ಅಂದರೆ ಪಿಚ್ ಸುಮಾರು 1.59. ಒಂದರ ನಟ್ಟು ಇನ್ನೊಂದಕ್ಕೆ ಎರಡು ಮೂರು ಸುತ್ತು ಹತ್ತಿ ಆಮೇಲೆ ಬಿಗಿಯಾಗುತ್ತದೆ. ಹುಡುಗರು ತುಕ್ಕು ಅಂದುಕೊಂಡು ಸ್ಪ್ಯಾನರ್‌ಗೆ ಪೈಪು ಹಾಕಿ ಎಳೆಯುತ್ತಾರೆ. ಥ್ರೆಡ್ ಗೇಜ್ ಹಚ್ಚಿ ಬೆಳಕಿಗೆ ಹಿಡಿದು ನೋಡಿ, ಸಂದಿಯಲ್ಲಿ ಬೆಳಕು ಕಂಡರೆ ಅದಲ್ಲ.

ಮುರಿದ ಸ್ಟಡ್ (ಎರಡೂ ತುದಿಗೆ ಥ್ರೆಡ್ ಇರುವ ಬೋಲ್ಟ್) ತೆಗೆಯುವುದಂತೂ ದಿನಾ ಇರುತ್ತದೆ. ಮೊದಲು ಡೀಸೆಲ್ ಬಿಟ್ಟು ನೆನೆಯಲು ಬಿಡಿ. ಸ್ಟಡ್ ಸ್ವಲ್ಪ ಮೇಲಿದ್ದರೆ ನಟ್ಟು ಇಟ್ಟು ವೆಲ್ಡ್ ಮಾಡಿಸಿ, ಬಿಸಿಗೆ ತುಕ್ಕು ಬಿಡುತ್ತದೆ, ಸ್ವಲ್ಪ ತಣಿದ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ತೆಗೆಯಿರಿ. ಒಳಗೇ ಮುರಿದಿದ್ದರೆ ಅರ ಹಾಕಿ ತಲೆ ಚಪ್ಪಟೆ ಮಾಡಿ, ಸರಿಯಾಗಿ ನಡುವೆ ಪಂಚ್ ಹೊಡೆದು, ಸಣ್ಣ ಡ್ರಿಲ್ಲಿನಿಂದ ತೂತು ಶುರು ಮಾಡಿ, ಆ ತೂತಿಗೆ ಎಕ್ಸ್‌ಟ್ರಾಕ್ಟರ್ ಹಾಕಿ ತಿರುಗಿಸಿ ತೆಗೆಯಿರಿ. ಪಂಚ್ ಅರ್ಧ ಮಿಲಿಮೀಟರ್ ಆಚೆ ಈಚೆ ಆದರೆ ಮುಂದಿನದೆಲ್ಲ ಹಾಳು, ಆದ್ದರಿಂದ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಪಂಚಿಗೇ ಕೊಡಿ. ಎಕ್ಸ್‌ಟ್ರಾಕ್ಟರ್ ಒಳಗೇ ಮುರಿದರೆ ಅದು ಡ್ರಿಲ್ಲಿಗಿಂತ ಗಟ್ಟಿ ಲೋಹ, ಆ ದಿನ ಊಟ ಇಲ್ಲ ಅಂದುಕೊಳ್ಳಿ.

ಇದನ್ನೆಲ್ಲ ಕಲಿಯಲು ಸೈನ್ಯವೇ ಆಗಬೇಕಿಲ್ಲ. ರಜೆಯಲ್ಲಿ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಕಾಫಿ ಸೀಸನ್ ಶುರುವಾಗುವ ಮುಂಚೆ ಯಾವುದಾದರೂ ಲೇತ್ ಅಂಗಡಿಗೆ ಹೋಗಿ ನಿಲ್ಲಿ. ಪಲ್ಪರ್, ಹಲ್ಲರ್, ಪಂಪ್‌ಸೆಟ್ ಎಲ್ಲ ಆಗಲೇ ಕೆಡುತ್ತವೆ, ತೋಟದವರು ಸಾಲಾಗಿ ಬರುತ್ತಾರೆ. ಅಲ್ಲೂ ಡ್ರಾಯಿಂಗ್ ಇಲ್ಲ, ಅಲ್ಲೂ ಸಂಜೆ ಒಳಗೆ ಬೇಕು. ಹಾಗೇ ಒಮ್ಮೆ ಬೇಲೂರಿಗೆ ಹೋದಾಗ ಚೆನ್ನಕೇಶವನಿಗೆ ಕೈಮುಗಿದು ಸುಮ್ನೆ ವಾಪಸ್ ಬರಬೇಡಿ. ನವರಂಗದ ಕಂಬಗಳ ಮೇಲಿನ ಉಂಗುರಗಳ ಅಂಚು ನೋಡಿ. 1117ರ ದೇವಸ್ಥಾನ. ತಿರುಗಿಸಿ ಕಡೆದ ಕಂಬಗಳು ಅವು. ಅಷ್ಟು ತೂಕದ ಬಳಪದ ಕಲ್ಲನ್ನು ಕರೆಂಟಿಲ್ಲದೆ ತಿರುಗಿಸಿ ಆ ಅಂಚು ತಂದವರ ಊರಿನವರು ನಾವು, ನಮಗೆ ಒಂದು ಬುಷ್ ಬರಲ್ವಾ?

ಒಳಗೆ ಹೋದ ಮೇಲೆ

ಇ.ಎಂ.ಇ. ಸಿಕ್ಕಿದರೆ ಸಿಕಂದರಾಬಾದ್ ಅಥವಾ ಭೋಪಾಲ್. ಮೊದಲ ತಿಂಗಳುಗಳಲ್ಲಿ ಲೇತ್ ಕಣ್ಣಿಗೂ ಬೀಳುವುದಿಲ್ಲ. ಪಿ.ಟಿ., ಡ್ರಿಲ್, ರೈಫಲ್, ಬೂಟ್ ಪಾಲಿಶ್. ನಾನು ಬರೀ ಕನ್ನಡದವನು, "ಬಾಯೆ ಮುಡ್" ಅಂದರೆ ಎಡಕ್ಕೆ ಎಂದು ತಿಳಿಯುವ ಹೊತ್ತಿಗೆ ಎಲ್ಲರೂ ತಿರುಗಿ ಆಗಿರುತ್ತಿತ್ತು. ಹಿಂದಿ ಪುಸ್ತಕದಿಂದ ಬೇಡ, ಮಾತಾಡುವಷ್ಟು ಮೊದಲೇ ಕಲಿತು ಹೋದರೆ ಅರ್ಧ ಬೈಗುಳ ಉಳಿಯುತ್ತದೆ. ಆಮೇಲೆ ಟ್ರೇಡ್ ಟ್ರೈನಿಂಗ್. ಟ್ರೇಡ್ ಟೆಸ್ಟ್‌ಗಳನ್ನು ಬೇಗ ಬೇಗ ಪಾಸ್ ಮಾಡಿಕೊಳ್ಳಿ, ಮುಂದೆ ಬಡ್ತಿಗೆ ಅದೇ ಮೆಟ್ಟಿಲು.

ಪೋಸ್ಟಿಂಗ್ ಬೇಸ್ ವರ್ಕ್‌ಶಾಪಿಗೆ ಬಿದ್ದರೆ ದೊಡ್ಡ ಶೆಡ್, ದೊಡ್ಡ ಮೆಷಿನ್, ಫ್ಯಾಕ್ಟರಿಯ ಥರ. ಫೀಲ್ಡ್ ವರ್ಕ್‌ಶಾಪಿಗೆ ಬಿದ್ದರೆ ಲಾರಿ. ಹಿಂಭಾಗದಲ್ಲಿ ಲೇತ್, ಡ್ರಿಲ್, ಗ್ರೈಂಡರ್, ವೈಸ್, ಟೂಲ್ ಡಬ್ಬಿಗಳು. ನಿಂತರೆ ತಲೆ ತಾಗುವುದಕ್ಕೆ ಸ್ವಲ್ಪವೇ ಬಾಕಿ. ಲಾರಿ ನಿಲ್ಲಿಸಿದ ಕೂಡಲೇ ಕೆಲಸ ಶುರು ಮಾಡಬೇಡಿ. ಜಾಕ್ ಕೊಟ್ಟು ಸಮ ಮಾಡಿ, ಲೇತ್ ಬೆಡ್ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ಬೆಡ್ ಒಂಚೂರು ತಿರುಚಿಕೊಂಡರೂ ಜಾಬ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಆಗುತ್ತದೆ. ಅನುಮಾನ ಇದ್ದರೆ ಒಂದು ದಪ್ಪ ರಾಡನ್ನು ಚಕ್ಕಿನಲ್ಲಿ ಕಟ್ಟಿ, ಟೇಲ್‌ಸ್ಟಾಕ್ (ಇನ್ನೊಂದು ತುದಿಗೆ ಕೊಡುವ ಆಸರೆ) ಕೊಡದೆ, ಎರಡೂ ತುದಿಯಲ್ಲಿ ಹಗುರ ಕಟ್ ತೆಗೆದು ಅಳೆಯಿರಿ, ಎರಡೂ ಒಂದೇ ಬರಬೇಕು.

ಲಡಾಖ್ ಕಡೆ ಹೋದರೆ ಕಲಿತದ್ದೆಲ್ಲ ಇನ್ನೊಮ್ಮೆ ಕಲಿಯಬೇಕು. ಲೇಹ್ ಊರೇ 3,500 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಜನರೇಟರ್ ಎಂಜಿನ್ನಿಗೂ ಉಸಿರು ಸಾಲದು. ದಪ್ಪ ಕಟ್ ಕೊಟ್ಟರೆ ಮುಕ್ಕರಿಸಿ ನಿಲ್ಲುತ್ತದೆ. ಹೆಡ್‌ಸ್ಟಾಕಿನ ಎಣ್ಣೆ ಬೆಳಗ್ಗೆ ಜೋನಿಬೆಲ್ಲದ ಥರ ಇರುತ್ತದೆ, ಹತ್ತು ಹದಿನೈದು ನಿಮಿಷ ಕಡಿಮೆ ಸ್ಪೀಡಿನಲ್ಲಿ ಖಾಲಿ ಓಡಿಸಿ. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟುತ್ತದೆ.

ಅಳತೆಯಲ್ಲಿ ನಾನು ಕೆಟ್ಟದ್ದು ಇಂಥ ಕಡೆಯೇ. ಪ್ರಪಂಚದ ಎಲ್ಲ ಅಳತೆಯೂ 20 ಡಿಗ್ರಿ ಸೆಲ್ಸಿಯಸ್‌ಗೆ ಎಂದು ಪುಸ್ತಕದಲ್ಲಿ ಓದಿದ್ದೆ, ಓದಿ ಮರೆತಿದ್ದೆ. 50 ಮಿ.ಮೀ. ಪಿನ್ ಒಂದನ್ನು ಕಡೆದು, ಬಿಸಿ ಇರುವಾಗಲೇ ಮೈಕ್ರೊಮೀಟರ್ ಹಚ್ಚಿ, 49.97 ಬಂತು ಎಂದು ಖುಷಿಯಾಗಿ ಇಟ್ಟೆ. ಸಂಜೆ ಉಸ್ತಾದ್ ಅಳೆದರೆ 49.95ಕ್ಕೂ ಒಂಚೂರು ಕಮ್ಮಿ. ಉಕ್ಕು 40 ಡಿಗ್ರಿ ತಣಿದರೆ ಆ ದಪ್ಪಕ್ಕೆ ಸುಮಾರು 0.023 ಮಿ.ಮೀ. ಕುಗ್ಗುತ್ತದೆ, ಲೆಕ್ಕ ಹಾಕಿ ನೋಡಿ. ಅವರು ಏನೂ ಬೈಯಲಿಲ್ಲ. ಪಿನ್ನನ್ನು ಗುಜರಿ ಡಬ್ಬಿಗೆ ಹಾಕಿ, "ಚಾಯ್ ಪೀ, ಫಿರ್ ನಾಪ್" ಎಂದರು. ಟೀ ಕುಡಿ, ಆಮೇಲೆ ಅಳೆ. ಈಗಲೂ ನಾನು ಕೊನೇ ಕಟ್ ಕೊಡುವ ಮುಂಚೆ ಕಾಫಿಗೆ ಹೋಗುತ್ತೇನೆ, ಗಿರಾಕಿಗಳು ಸೋಮಾರಿ ಅಂದುಕೊಳ್ಳುತ್ತಾರೆ. ಜಾಬೂ ಮೈಕ್ರೊಮೀಟರೂ ಎರಡೂ ಉಕ್ಕು, ಎರಡೂ ಒಂದೇ ಕಡೆ ಒಂದು ಗಂಟೆ ಇದ್ದರೆ ಎಷ್ಟೇ ಚಳಿ ಇದ್ದರೂ ಓದುವುದು ಸರಿ ಬರುತ್ತದೆ. ಒಂದು ಹೀಟರ್ ಪಕ್ಕ, ಇನ್ನೊಂದು ಕಿಟಕಿ ಪಕ್ಕ ಇದ್ದರೆ ಕಥೆ ಮುಗಿಯಿತು.

ಅದೇ ಚಳಿಯನ್ನು ಕೆಲಸಕ್ಕೂ ಹಚ್ಚಬಹುದು. ಕಂಚಿನ ಬುಷ್ ಬಿಗಿಯಾಗಿ ಕೂರಬೇಕು, ಪ್ರೆಸ್ ಇಲ್ಲ. ರಾತ್ರಿ ಬುಷ್ಷನ್ನು ಹೊರಗಿಟ್ಟೆವು. ಬೆಳಗ್ಗೆ ಅದು ಕೂರುವ ಹೌಸಿಂಗನ್ನು ಕುದಿಯುವ ನೀರಿನಲ್ಲಿ ಇಟ್ಟು ತೆಗೆದೆವು. ಒಂದು ಕುಗ್ಗಿತ್ತು, ಒಂದು ಹಿಗ್ಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಸರಕ್ಕನೆ ಒಳಗೆ. ಅರ್ಧಕ್ಕೆ ನಿಲ್ಲಿಸಿ ಯೋಚಿಸಲು ಹೋಗಬೇಡಿ, ಐದಾರು ಸೆಕೆಂಡಿನಲ್ಲಿ ಕಚ್ಚಿಕೊಳ್ಳುತ್ತದೆ.

ಇನ್ನು ಕೈಕಾಲಿನ ವಿಷಯ. ಲೇತ್ ಮುಂದೆ ಕೈಗವಸು ಹಾಕಬೇಡಿ, ಲಡಾಖ್‌ನಲ್ಲೂ ಸರಿಯೇ. ಮೆಷಿನ್ ನಿಂತಾಗ ಹಾಕಿಕೊಂಡು ಕೈ ಬೆಚ್ಚಗೆ ಮಾಡಿಕೊಳ್ಳಿ, ಓಡುವಾಗ ತೆಗೆಯಿರಿ. ಉಂಗುರ, ಕೈಗೆ ಕಟ್ಟಿದ ದೇವರ ದಾರ, ಉದ್ದ ತೋಳು ಯಾವುದೂ ಬೇಡ. ಮಫ್ಲರ್ ಅಂತೂ ಬೇಡವೇ ಬೇಡ. ಜಾ ಬಿಗಿಸುವ ಚಕ್ ಕೀಯನ್ನು ಚಕ್ಕಿನಲ್ಲಿ ಬಿಟ್ಟು ಸ್ವಿಚ್ ಹಾಕಿದರೆ ಅದು ಗುಂಡಿನ ಥರ ಹಾರುತ್ತದೆ, ಕೀಯನ್ನು ಚಕ್ಕಿನಿಂದ ತೆಗೆದು ಕೆಳಗಿಡುವ ತನಕ ಅದರಿಂದ ಕೈ ತೆಗೆಯುವ ಅಭ್ಯಾಸವೇ ಬೇಡ. ಸುರುಳಿ ಚಿಪ್ಸನ್ನು ಕೈಯಲ್ಲಿ ಎಳೆಯಬೇಡಿ, ಕೊಕ್ಕೆ ಇಟ್ಟುಕೊಳ್ಳಿ. ಕನ್ನಡಕ ಹಾಕಿ. ನಮ್ಮ ಅಂಗಡಿಯ ಹುಡುಗ "ಬೆವರುತ್ತೆ ಅಣ್ಣ" ಎಂದು ತೆಗೆದಿಡುತ್ತಾನೆ, ದಿನಾ ಜಗಳ.

ಕಾಗದ ಪತ್ರ ಬರೆಯುವುದನ್ನು ಕೀಳಾಗಿ ನೋಡಬೇಡಿ. ಯಾವ ಗಾಡಿ, ಯಾವ ಪಾರ್ಟು, ಯಾವ ಲೋಹದಲ್ಲಿ ಮಾಡಿದ್ದು, ಅಳತೆ ಎಷ್ಟು, ಎಲ್ಲ ಜಾಬ್ ಕಾರ್ಡಿನಲ್ಲಿ ಬರೆಯಬೇಕು. ಬ್ರೇಕು, ಸ್ಟೀರಿಂಗು, ಆಯುಧದ ಭಾಗಗಳನ್ನು ಮೇಲಿನವರು ಒಪ್ಪದೆ ನೀವೇ ತಲೆ ಓಡಿಸಿ ಮಾಡಿ ಹಾಕುವ ಹಾಗಿಲ್ಲ, ಎಷ್ಟೇ ಅವಸರ ಇದ್ದರೂ. ನೀವು ಮಾಡಿದ ಪಿನ್ನಿನ ಮೇಲೆ ಇಳಿಜಾರಿನಲ್ಲಿ ಇಪ್ಪತ್ತು ಜನ ಕೂತಿರುತ್ತಾರೆ.

ವಾಪಸ್ ಬಂದವರಿಗೆ

ನಾಲ್ಕು ವರ್ಷಕ್ಕೆ ಬಂದರೂ ಹದಿನೇಳು ವರ್ಷಕ್ಕೆ ಬಂದರೂ ಮೊದಲು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ನಿಮಗೆ ಸಿಗಬೇಕಾದ ಸೌಲಭ್ಯ ಏನೇನು ಎಂದು ಕೇಳಿ. ಸೇವಾ ನಿಧಿ ದುಡ್ಡಿನಲ್ಲಿ ಕಾರು ತಗೊಂಡವರನ್ನು ನೋಡಿದ್ದೇನೆ. ಹಳೇ ಲೇತ್ ತಗೊಂಡವರು ಕಡಿಮೆ. ತಗೊಳ್ಳುವುದಾದರೆ ಪೇಂಟ್ ನೋಡಿ ಮರುಳಾಗಬೇಡಿ. ಚಕ್ ಹತ್ತಿರ ಬೆಡ್ ಸವೆದಿದೆಯೇ ಎಂದು ಬೆರಳಿನ ಉಗುರು ಎಳೆದು ನೋಡಿ, ಅಲ್ಲಿ ಮೆಟ್ಟಿಲು ಸಿಕ್ಕಿದರೆ ಬೆಲೆ ಇಳಿಸಿ ಅಥವಾ ಬಿಡಿ. ಚಕ್ ತಿರುಗಿಸುವ ಸ್ಪಿಂಡಲ್ ಕೆಳಗೆ ಮರದ ತುಂಡು ಕೊಟ್ಟು ಮೇಲಕ್ಕೆ ಎತ್ತಿ, ಡಯಲ್ ಎಷ್ಟು ಆಡುತ್ತದೆ ನೋಡಿ.

ಆ ಸಕಲೇಶಪುರದ ಹುಡುಗನಿಗೆ ಒಂದು ಮುರಿದ ಪಿನ್ ಕೊಟ್ಟು ಕಳಿಸಿದ್ದೇನೆ, ಅಳತೆ ಬರೆದುಕೊಂಡು ಬಾ ಎಂದು. ನೀವೂ ಹಾಸನದ ಕಡೆ ಇದ್ದರೆ ನಿಮ್ಮ ಕೈಯಲ್ಲಿ ಮಾಡಿದ ಒಂದು ಪೀಸ್ ತಗೊಂಡು ಬನ್ನಿ, ಅಳೆದು ನೋಡೋಣ. ಭಾನುವಾರ ಬಾಗಿಲು ಹಾಕಿರುತ್ತದೆ. ಆಲೂಗಡ್ಡೆ ಬಿತ್ತನೆ ಸಮಯದಲ್ಲೂ ಬರಬೇಡಿ, ನಾನು ಹೊಲದಲ್ಲಿ ಇರುತ್ತೇನೆ.